ಒಲೆಯ ಪಾಲು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕಾರ್ಖಾನೆ ನಡೆಯುತ್ತಿದೆ. ಅದಕ್ಕೆ ಚಿಮಣಿ ಇಲ್ಲ, ಸೈರನ್ ಇಲ್ಲ, ಪಾಳಿ ಮುಗಿಸಿ ಹೊರಬರುವ ಕಾರ್ಮಿಕರೂ ಇಲ್ಲ. ನನ್ನ ಕಿರಿಯ ಮಗನ ಕಂಪ್ಯೂಟರಿನೊಳಗೆ ಅದು ಹಗಲಿರುಳು ಓಡುತ್ತದೆ. ಕಬ್ಬಿಣ ಕರಗುತ್ತದೆ, ತಾಮ್ರ ತಂತಿಯಾಗುತ್ತದೆ, ಬೆಲ್ಟುಗಳ ಮೇಲೆ ಸಾಮಾನು ಇರುವೆ ಸಾಲಿನ ಹಾಗೆ ಹರಿಯುತ್ತದೆ. ಇಷ್ಟೆಲ್ಲ ನಡೆದೂ ನಮ್ಮ ಮನೆಗೆ ಅದರಿಂದ ಒಂದು ಮೊಳೆಯೂ ಸಿಕ್ಕಿಲ್ಲ ಎಂದು ನಮ್ಮ ಯಜಮಾನರು ಹಾಸ್ಯ ಮಾಡುತ್ತಾರೆ.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಮನೆಯಲ್ಲಿ ಕೂತು ಐದು ತಿಂಗಳಾಗಿತ್ತು. ಯಾಕೆ ಬಿಟ್ಟೆ ಎಂದರೆ ‘ಆಗ್ತಿರಲಿಲ್ಲ ಅಮ್ಮ’ ಎನ್ನುವುದಷ್ಟೇ ಉತ್ತರ. ಬೀದಿಯವರು ಕೇಳಿದರೆ ‘ರಜಾ ಹಾಕಿ ಬಂದಿದ್ದಾನೆ’ ಎಂದು ಸುಳ್ಳು ಹೇಳುತ್ತಿದ್ದೆ. ಐದು ತಿಂಗಳ ರಜಾ ಯಾವ ಕಂಪನಿಯವರು ಕೊಡುತ್ತಾರೆ ಎಂದು ಅವರು ತಿರುಗಿ ಕೇಳಲಿಲ್ಲ, ಅದು ಅವರ ದೊಡ್ಡತನ.

ಒಂದು ಭಾನುವಾರ ಮಧ್ಯಾಹ್ನ, ಇವತ್ತು ಮಾತಾಡಿಯೇ ಬಿಡಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಅವನ ಕೋಣೆಗೆ ಹೋದೆ. ಅವನು ತಿರುಗಿಯೂ ನೋಡದೆ, ‘ಕೂತ್ಕೋ ಅಮ್ಮ, ಕರೆಂಟ್ ಹೋಗ್ತಾ ಇದೆ’ ಎಂದ. ನಾನು ತಲೆಯೆತ್ತಿ ನೋಡಿದೆ. ಫ್ಯಾನು ತಿರುಗುತ್ತಲೇ ಇತ್ತು.

‘ಇಲ್ಲಿ ಅಲ್ಲಮ್ಮ, ಅಲ್ಲಿ’ ಎಂದು ಪರದೆ ತೋರಿಸಿದ. ಜಗಳಕ್ಕೆಂದು ಹೋದವಳು ಕೂತೆ. ಕೂತದ್ದೇ ಈ ಬರಹಕ್ಕೆ ಕಾರಣವಾಯಿತು.

ಆಟದ ಹೆಸರು ಫ್ಯಾಕ್ಟೋರಿಯೋ. ಚೆಕ್ ದೇಶದ ಪ್ರಾಗ್ ನಗರದಲ್ಲಿ ವೂಬೆ ಸಾಫ್ಟ್‌ವೇರ್ ಎಂಬ ಒಂದು ತಂಡ 2012ರಲ್ಲಿ ಶುರುಮಾಡಿದ ಕೆಲಸ. 2020ರ ಆಗಸ್ಟಿನಲ್ಲಿ ಪೂರ್ಣರೂಪದಲ್ಲಿ ಹೊರಬಂತು. ಕಥೆ ಇಷ್ಟೆ. ಯಾವುದೋ ಅನ್ಯಗ್ರಹದಲ್ಲಿ ಒಬ್ಬ ಎಂಜಿನಿಯರನ ವಾಹನ ಬಿದ್ದು ಒಡೆದುಹೋಗಿದೆ. ಕೈಯಲ್ಲಿ ಹೆಚ್ಚೇನೂ ಇಲ್ಲ. ನೆಲದಲ್ಲಿ ಕಲ್ಲಿದ್ದಲು ಇದೆ, ಕಬ್ಬಿಣದ ಅದಿರಿದೆ, ಕೆರೆಯಲ್ಲಿ ನೀರಿದೆ. ಇವುಗಳಿಂದಲೇ ಆರಂಭಿಸಿ ಒಂದೊಂದೇ ಯಂತ್ರ ಕಟ್ಟುತ್ತಾ ಕೊನೆಗೆ ರಾಕೆಟ್ ಹಾರಿಸಬೇಕು. ಮೊದಮೊದಲು ಎಲ್ಲವನ್ನೂ ಕೈಯಿಂದ ಮಾಡಬೇಕು. ಬರಬರುತ್ತಾ ಯಂತ್ರವೇ ಯಂತ್ರವನ್ನು ಮಾಡುತ್ತದೆ.

ನಾನು ಬಿ.ಎ. ಓದಿದವಳು, ಸಮಾಜ ವಿಜ್ಞಾನ ಕಲಿಸುವವಳು. ವ್ಯಾಟು, ಜೌಲು ಎಂದರೆ ನನಗೆ ದೂರದ ನೆಂಟರು. ಆದರೆ ಮಗ ಅದನ್ನು ಮನೆ ಖರ್ಚಿನ ಲೆಕ್ಕದ ಹಾಗೆ ಹೇಳಿಕೊಟ್ಟ. ಕಲ್ಲಿದ್ದಲು ಅಗೆಯುವ ಯಂತ್ರಗಳು ಎರಡು ಬಗೆ. ಮೊದಲನೆಯದು ತಾನೇ ಕಲ್ಲಿದ್ದಲು ಉರಿಸಿಕೊಂಡು ಓಡುವಂಥದು. ನಾಲ್ಕು ಸೆಕೆಂಡಿಗೆ ಒಂದು ತುಂಡು ಅಗೆಯುತ್ತದೆ, ಅದಕ್ಕೆ 150 ಕಿಲೋವ್ಯಾಟ್ ಶಕ್ತಿ ತಿನ್ನುತ್ತದೆ. ಒಂದು ತುಂಡಿನಲ್ಲಿರುವ ಶಕ್ತಿ 4 ಮೆಗಾಜೌಲ್. ‘ಅಂದ್ರೆ ನೂರು ರೂಪಾಯಿ ದುಡೀತದೆ, ಹದಿನೈದು ರೂಪಾಯಿ ತನ್ನ ಹೊಟ್ಟೆಗೇ ಹಾಕ್ಕೊಳ್ತದೆ ಅಂತ ಇಟ್ಕೋ’ ಎಂದ. ಎರಡನೆಯದು ವಿದ್ಯುತ್ತಿನಿಂದ ಓಡುವಂಥದು. ಎರಡು ಸೆಕೆಂಡಿಗೆ ಒಂದು ತುಂಡು, ತಿನ್ನುವುದು ಬರೀ 90 ಕಿಲೋವ್ಯಾಟ್. ನೂರಕ್ಕೆ ನಾಲ್ಕೂವರೆ ರೂಪಾಯಿ. ಹೀಗೆ ಅಗೆದ ಕಲ್ಲಿದ್ದಲು ಬಾಯ್ಲರಿಗೆ ಹೋಗಬೇಕು. ಒಂದೊಂದು ಬಾಯ್ಲರೂ ಎರಡೆರಡು ಉಗಿಯಂತ್ರಗಳನ್ನು ಓಡಿಸುತ್ತದೆ, ಅವುಗಳಿಂದ ಕರೆಂಟು.

ಈ ಲೆಕ್ಕ ಕೇಳಿದಾಗ ನನಗೆ ಮೊದಲು ಹೊಳೆದದ್ದು ಏನೆಂದರೆ, ಶಕ್ತಿಯನ್ನು ಮಾಡುವುದಕ್ಕೂ ಶಕ್ತಿ ಖರ್ಚಾಗುತ್ತದೆ ಎಂಬುದು. ಇದೇನು ಹೊಸ ಮಾತೆ? ಅಡಿಗೆ ಮಾಡುವವಳಿಗೂ ಹಸಿವಾಗುತ್ತದೆ ಎಂದ ಹಾಗಾಯಿತು. ಆದರೆ ಗೊತ್ತಿರುವ ಮಾತನ್ನೇ ಅಂಕಿಯಲ್ಲಿ ಕಂಡಾಗ ಬೇರೆಯಾಗಿ ಕಾಣುತ್ತದೆ.

ಅವನು ಒಂದು ತಮಾಷೆಯನ್ನೂ ತೋರಿಸಿದ. ಮೊದಲನೇ ಬಗೆಯ ಎರಡು ಯಂತ್ರಗಳನ್ನು ಕಲ್ಲಿದ್ದಲಿನ ನೆಲದ ಮೇಲೆ ಎದುರುಬದುರಾಗಿ ಇಟ್ಟರೆ, ಇದು ಅಗೆದದ್ದನ್ನು ಅದರ ಬಾಯಿಗೆ ಹಾಕುತ್ತದೆ, ಅದು ಅಗೆದದ್ದನ್ನು ಇದರ ಬಾಯಿಗೆ. ಎರಡೂ ಓಡುತ್ತಲೇ ಇರುತ್ತವೆ, ಆದರೆ ನಾವೇ ಕೈಹಾಕಿ ತೆಗೆದುಕೊಳ್ಳದಿದ್ದರೆ ಹೊರಗೆ ಒಂದು ತುಂಡೂ ಬರುವುದಿಲ್ಲ. ನನಗೆ ನಮ್ಮ ಮದುವೆ ಮುಂಜಿಗಳ ಮುಯ್ಯಿ ನೆನಪಾಯಿತು. ಅವರು ಕೊಟ್ಟ ಬ್ಲೌಸ್ ಪೀಸು ಇವರಿಗೆ, ಇವರದು ಅವರಿಗೆ. ವರ್ಷಗಟ್ಟಲೆ ಬೀರುವಿನಿಂದ ಬೀರುವಿಗೆ ತಿರುಗುತ್ತದೆಯೇ ಹೊರತು ಯಾರೂ ಹೊಲಿಸಿ ಹಾಕಿಕೊಳ್ಳುವುದಿಲ್ಲ.

ಇಷ್ಟು ಮೂಲ ಆಟ. ಇದನ್ನು ಆಡುವವರಲ್ಲೇ ಕೆಲವರು ತಾವಾಗಿ ಹೊಸ ಯಂತ್ರ, ಹೊಸ ವಸ್ತು, ಹೊಸ ನಿಯಮಗಳನ್ನು ಸೇರಿಸಿ ಉಳಿದವರಿಗೆ ಪುಕ್ಕಟೆ ಹಂಚುತ್ತಾರೆ. ಅದಕ್ಕೆ ಮಾಡ್ ಎಂದು ಹೆಸರು. ನನ್ನ ಮಗ ಹಾಕಿಕೊಂಡಿದ್ದು ಪಿಯಾನೋಡಾನ್ ಎಂಬ ಹೆಸರಿನ ಮಾಡ್‌ಗಳು. ಬಹಳ ಕಠಿಣವೆಂದು ಹೆಸರಾದವು. ಅದರಲ್ಲಿ ಕಲ್ಲಿದ್ದಲನ್ನು ಸುಮ್ಮನೆ ಉರಿಸಿದರೆ ಸಾಲದು. ಬಟ್ಟಿ ಇಳಿಸಬೇಕು, ಅನಿಲ ಬೇರೆ, ಡಾಂಬರು ಬೇರೆ, ಕೋಕ್ ಬೇರೆ ಮಾಡಬೇಕು. ಹಾಗೆ ಬೇರೆ ಮಾಡುವ ಒಂದೊಂದು ಯಂತ್ರಕ್ಕೂ ಕರೆಂಟು ಬೇಕು. ಆ ಕರೆಂಟಿಗೆ ಮತ್ತೆ ಇಂಧನ ಬೇಕು. ಒಳ್ಳೆಯ ಇಂಧನ ಮಾಡಲು ಹೋಗಿ, ಮಾಡಿದ ಇಂಧನವೆಲ್ಲ ಮಾಡುವುದಕ್ಕೇ ಮುಗಿದುಹೋದರೆ? ಅದೇ ಅವನ ಆವತ್ತಿನ ಸಂಕಟ.

ಮೂಲ ಆಟದಲ್ಲೂ ಇದರ ಒಂದು ಚಿಕ್ಕ ಮಾದರಿಯಿದೆ. ಎಣ್ಣೆಯಿಂದ ಗಟ್ಟಿ ಇಂಧನದ ಹತ್ತು ಬಿಲ್ಲೆ ಮಾಡಿದರೆ ಅವುಗಳಲ್ಲಿ ಒಟ್ಟು 120 ಮೆಗಾಜೌಲ್ ಶಕ್ತಿ. ಆ ಹತ್ತಕ್ಕೆ ಇನ್ನಷ್ಟು ಎಣ್ಣೆ ಸೇರಿಸಿ ಒಂದು ರಾಕೆಟ್ ಇಂಧನ ಮಾಡಿದರೆ ಅದರಲ್ಲಿ ಉಳಿಯುವುದು 100. ಇಪ್ಪತ್ತು ಎಲ್ಲಿಗೆ ಹೋಯಿತು? ಹೋಯಿತು, ಅಷ್ಟೆ. ಹಾಲು ಕಾಸಿ, ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ತುಪ್ಪ ಮಾಡಿದವರಿಗೆ ಇದು ಗೊತ್ತು. ತುಪ್ಪ ಹಗುರ, ಡಬ್ಬಿಯಲ್ಲಿ ಹಿಡಿಯುತ್ತದೆ, ಕೆಡುವುದಿಲ್ಲ. ಆದರೆ ದಾರಿಯಲ್ಲಿ ಸೌದೆಯೂ ಹೋಗಿರುತ್ತದೆ, ತೋಳಿನ ಶಕ್ತಿಯೂ ಹೋಗಿರುತ್ತದೆ. ಮಾಡಬಾರದೆಂದಲ್ಲ. ಲೆಕ್ಕ ಇಟ್ಟುಕೊಂಡು ಮಾಡಬೇಕು.

ಮಗ ಲೆಕ್ಕ ತಪ್ಪಿದ್ದ. ಯಂತ್ರಗಳನ್ನು ಸೇರಿಸುತ್ತಾ ಸೇರಿಸುತ್ತಾ ಬೇಕಾದ ಕರೆಂಟು ಬರುವ ಕರೆಂಟನ್ನು ಮೀರಿತು. ಆಗ ಏನಾಗುತ್ತದೆ ನೋಡಿ. ಆ ಆಟದಲ್ಲಿ ಕರೆಂಟು ಕಡಿಮೆಯಾದರೆ ಎಲ್ಲ ಯಂತ್ರಗಳಿಗೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಧಾನವಾಗುತ್ತವೆ. ತಂತಿ ಮಾಡುವ ಯಂತ್ರ ನಿಧಾನವಾದರೆ ಚಿಂತೆಯಿಲ್ಲ. ಆದರೆ ಕಲ್ಲಿದ್ದಲು ಅಗೆಯುವ ಯಂತ್ರವೂ ನಿಧಾನವಾಯಿತು, ಅದನ್ನು ಎತ್ತಿ ಬಾಯ್ಲರಿಗೆ ಹಾಕುವ ಕಬ್ಬಿಣದ ಕೈಗಳೂ ನಿಧಾನವಾದವು. ಬಾಯ್ಲರಿಗೆ ಕಲ್ಲಿದ್ದಲು ಕಡಿಮೆ ಬಿತ್ತು. ಕರೆಂಟು ಇನ್ನೂ ಇಳಿಯಿತು. ಅಗೆಯುವುದು ಮತ್ತೂ ನಿಧಾನವಾಯಿತು. ನಾವಿಬ್ಬರೂ ನೋಡನೋಡುತ್ತಿದ್ದ ಹಾಗೆ ಅಷ್ಟು ದೊಡ್ಡ ಕಾರ್ಖಾನೆ, ಸಾಯುವವರ ಉಸಿರಿನ ಹಾಗೆ ಎಳೆದೆಳೆದು, ನಿಂತುಹೋಯಿತು. ಯಾವುದೂ ಮುರಿದಿರಲಿಲ್ಲ. ನೆಲದೊಳಗೆ ಕಲ್ಲಿದ್ದಲು ರಾಶಿ ಇತ್ತು. ಆದರೂ ಕತ್ತಲೆ.

‘ಎಲ್ಲರಿಗೂ ಸಮನಾಗಿ ಹಂಚಿದ್ದೇ ತಪ್ಪಾಯ್ತಮ್ಮ’ ಎಂದ ಮಗ. ‘ಒಲೆ ಉರಿಸೋರಿಗೆ ಮೊದಲು ಕೊಡಬೇಕಿತ್ತು.’

ಸಮಪಾಲಿನ ಪಾಠವನ್ನು ವರ್ಷ ವರ್ಷವೂ ತರಗತಿಯಲ್ಲಿ ಹೇಳುವ ನನಗೆ ಈ ಮಾತು ಎದೆಗೆ ತಾಗಿತು.

ಇದು ಬರೀ ಆಟದ ಮಾತೂ ಅಲ್ಲ. 2012ರ ಜುಲೈ 30ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದುಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಕುಸಿದವು. ಅರವತ್ತು ಕೋಟಿಗೂ ಹೆಚ್ಚು ಜನರ ಮನೆ ಕತ್ತಲಾಯಿತು. ನಮ್ಮ ದಕ್ಷಿಣದ ಜಾಲ ಆಗ ಅವುಗಳ ಜೊತೆ ಒಂದಾಗಿರಲಿಲ್ಲ. ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದು ಸೇರಿಕೊಂಡದ್ದು 2013ರ ಡಿಸೆಂಬರ್ 31ರಂದು. ಹಾಗಾಗಿ ನಾವು ಆವತ್ತು ಬಚಾವಾದೆವು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಒಮ್ಮೆ ಪೂರ್ತಿ ನಿಂತರೆ ತಾನಾಗಿ ಏಳಲಾರದು. ಕಲ್ಲಿದ್ದಲು ಪುಡಿಮಾಡುವುದಕ್ಕೆ, ನೀರೆತ್ತುವುದಕ್ಕೆ, ಗಾಳಿ ಊದುವುದಕ್ಕೆ ಅದಕ್ಕೇ ಕರೆಂಟು ಬೇಕು. ನಡೆಯುತ್ತಿರುವಾಗಲೂ ತಾನು ಮಾಡಿದ್ದರಲ್ಲಿ ನೂರಕ್ಕೆ ಏಳೆಂಟು ಪಾಲು ತನಗೇ ಖರ್ಚು ಮಾಡಿಕೊಳ್ಳುತ್ತದೆ. ನಿಂತಾಗ ಅದನ್ನು ಎಬ್ಬಿಸಲು ಹೊರಗಿನಿಂದ ಶಕ್ತಿ ತರಬೇಕು. ಜಲವಿದ್ಯುತ್ ಕೇಂದ್ರಗಳು ಅಂಥ ಹೊತ್ತಿನಲ್ಲಿ ಕೈಹಿಡಿಯುತ್ತವೆ. ಅವುಗಳಿಗೆ ಏಳಲು ಸ್ವಲ್ಪವೇ ಸಾಕು.

ನನ್ನ ಮಗನಿಗೆ ಯಾವ ಜಲಾಶಯವೂ ಇರಲಿಲ್ಲ. ತನ್ನ ಆಟದ ಎಂಜಿನಿಯರನನ್ನು ಓಡಿಸಿ, ಕೈಯಾರೆ ಕಲ್ಲಿದ್ದಲು ಹೊತ್ತು ತಂದು ಒಂದೊಂದೇ ಬಾಯ್ಲರಿಗೆ ಹಾಕಿದ. ಆಮೇಲೆ ಎರಡು ತಿದ್ದುಪಡಿ ಮಾಡಿದ. ಕಲ್ಲಿದ್ದಲಿನ ಬೆಲ್ಟು ಕವಲೊಡೆಯುವ ಕಡೆ, ಬಾಯ್ಲರಿನ ದಾರಿಗೆ ಮೊದಲು ತುಂಬಿ, ಮಿಕ್ಕಿದ್ದು ಮಾತ್ರ ಉಳಿದ ಕಡೆ ಹೋಗುವ ಹಾಗೆ ಮಾಡಿದ. ಎರಡನೆಯದಾಗಿ, ಬಾಯ್ಲರಿಗೆ ಉಣಿಸುವ ವಿದ್ಯುತ್ ಕೈಗಳನ್ನು ಕಿತ್ತು, ಆಟದ ಶುರುವಿನಲ್ಲಿ ಸಿಗುವ ಹಳೇ ಕಾಲದ ನಿಧಾನದ ಕೈಗಳನ್ನು ಹಾಕಿದ. ಅವು ಕರೆಂಟು ಬೇಡುವುದಿಲ್ಲ. ತಾವು ಎತ್ತಿಹಾಕುವ ಕಲ್ಲಿದ್ದಲಿನಲ್ಲೇ ಒಂದಿಷ್ಟು ತಮ್ಮ ಹೊಟ್ಟೆಗೆ ಇಟ್ಟುಕೊಂಡು ಉಳಿದದ್ದನ್ನು ಉಣಿಸುತ್ತವೆ. ಊರೆಲ್ಲ ಕತ್ತಲಾದರೂ ಅವುಗಳ ಕೈ ನಿಲ್ಲುವುದಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. 2017ನೇ ವರ್ಷ ಕಣ್ಣ ಮುಂದೆ ಬಂತು.

ಆ ವರ್ಷ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದರು. ನನಗೆ ಶಾಲೆಯಲ್ಲಿ ಬೆಳಗಿನ ವಿಶೇಷ ತರಗತಿ, ಸಂಜೆ ಮನೆಯಲ್ಲಿ ಅತ್ತೆಯ ಸೇವೆ, ನಡುವೆ ಇಬ್ಬರು ಮಕ್ಕಳ ಓದು. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಎಲ್ಲಿಂದ ಕತ್ತರಿಸಲಿ? ನಾವು ಹೆಂಗಸರು ಎಲ್ಲಿಂದ ಕತ್ತರಿಸುತ್ತೇವೋ ಅಲ್ಲಿಂದಲೇ ಕತ್ತರಿಸಿದೆ. ಮೊದಲು ನಿದ್ದೆ, ಆಮೇಲೆ ಬೆಳಗಿನ ತಿಂಡಿ. ‘ನಿಂದಾಯ್ತಾ?’ ಎಂದು ಯಾರಾದರೂ ಕೇಳಿದರೆ ‘ಹ್ಞೂ, ಆಗಲೇ ಆಯ್ತು’ ಎನ್ನುತ್ತಿದ್ದೆ. ಈ ಸುಳ್ಳನ್ನು ಹೇಳದ ಹೆಂಗಸು ನಮ್ಮಲ್ಲಿ ಇದ್ದಾಳೆಯೇ, ನೀವೇ ಹೇಳಿ. ಅದು ಸುಳ್ಳೆಂದೇ ನಮಗೆ ಅನ್ನಿಸುವುದಿಲ್ಲ, ಪುಣ್ಯವೆಂದು ಅನ್ನಿಸುತ್ತದೆ.

ಅಂಥ ಒಂದು ಬೆಳಿಗ್ಗೆ, ಬರೀ ಹೊಟ್ಟೆಯಲ್ಲಿ, ಎಂಟನೇ ತರಗತಿಗೆ ಹೋದೆ. ಒಬ್ಬ ಹುಡುಗಿ ಮೂರನೇ ದಿನವೂ ಮನೆಗೆಲಸ ಬರೆದಿರಲಿಲ್ಲ. ಎದ್ದು ನಿಂತು ತಲೆ ತಗ್ಗಿಸಿದಳು. ಯಾಕೆ ಎಂದು ನಾನು ಕೇಳಬೇಕಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಕೇಳಿಕೊಂಡೇ ಬಂದವಳು ನಾನು. ಅವತ್ತು ಕೇಳಲಿಲ್ಲ. ‘ನಿನ್ನಂಥವರಿಗೆ ಶಾಲೆ ಯಾಕೆ, ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿರು’ ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಆ ಹುಡುಗಿ ವಾರದ ಮೇಲೆ ಶಾಲೆಗೆ ಬರಲಿಲ್ಲ. ಆಮೇಲೆ ಬಂದಳು, ಓದಿದಳು, ಪಾಸೂ ಆದಳು. ಆದರೆ ನನ್ನ ತರಗತಿಯಲ್ಲಿ ಮತ್ತೆ ಒಂದು ದಿನವೂ ಉತ್ತರಕ್ಕೆ ಕೈ ಎತ್ತಲಿಲ್ಲ. ಅವಳು ಯಾಕೆ ಬರೆದಿರಲಿಲ್ಲ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಬಿಟ್ಟ ತಿಂಡಿ, ಬಿಟ್ಟ ನಿದ್ದೆ ನನ್ನ ಖಾತೆಯಿಂದ ಹೋಗುತ್ತಿದೆ ಎಂದು ಅಂದುಕೊಂಡಿದ್ದೆ. ತ್ಯಾಗವೆಂದರೆ ಅದೇ ತಾನೆ, ನಮ್ಮದನ್ನು ನಾವು ಬಿಡುವುದು. ಆದರೆ ಖರ್ಚು ನನ್ನಲ್ಲಿಗೇ ನಿಲ್ಲಲಿಲ್ಲ. ಮೊದಲು ನಿದ್ದೆ ಹೋಯಿತು, ನಿದ್ದೆಯಿಂದ ತಾಳ್ಮೆ ಹೋಯಿತು, ತಾಳ್ಮೆ ಹೋದ ಜಾಗದಲ್ಲಿ ಸಾಲಿನ ಕೊನೆಯಲ್ಲಿ ನಿಂತಿದ್ದ, ತಿರುಗಿ ಮಾತಾಡಲಾರದ ಒಬ್ಬ ಹುಡುಗಿಯ ಕೈಯಿಂದ ಬಾಕಿ ವಸೂಲಾಯಿತು. ನನ್ನ ಪುಣ್ಯದ ಬಿಲ್ಲು ಅವಳು ತೆತ್ತಳು.

ಹಾಗಾದರೆ ತೀರ್ಮಾನ ಸುಲಭ ಎಂದು ನೀವು ಅಂದುಕೊಳ್ಳಬಹುದು. ಉಣಿಸುವವರು ಮೊದಲು ಉಣ್ಣಲಿ. ನಾನೂ ಎರಡು ದಿನ ಹಾಗೇ ಅಂದುಕೊಂಡೆ. ಮೂರನೇ ದಿನ ಒಂದು ಅನುಮಾನ ಬಂತು.

ಈ ಮಾತನ್ನು ನಾನು ಮೊದಲೂ ಕೇಳಿದ್ದೇನಲ್ಲ! ನಮ್ಮ ತಾತನ ಮನೆಯಲ್ಲಿ ಗಂಡಸರ ಪಂಕ್ತಿ ಮೊದಲು. ‘ದುಡಿಯೋರು ಅವರು, ಅವರ ಹೊಟ್ಟೆ ತುಂಬಿದರೆ ತಾನೆ ನಮ್ಮ ಹೊಟ್ಟೆ?’ ಎಂದು ಅಜ್ಜಿಯೇ ಹೇಳುತ್ತಿದ್ದರು. ಗಟ್ಟಿ ಸಾರು, ಮೇಲಿನ ಕೆನೆ ಆ ಪಂಕ್ತಿಗೆ. ನಮ್ಮ ಪಂಕ್ತಿಗೆ ಬರುವ ಹೊತ್ತಿಗೆ ಸಾರು ತಿಳಿಯಾಗಿರುತ್ತಿತ್ತು. ಜಮೀನ್ದಾರರೂ ಇದನ್ನೇ ಹೇಳಿದರು, ದೊಡ್ಡ ಸಂಬಳದ ಮೇಲಧಿಕಾರಿಗಳೂ ಇದನ್ನೇ ಹೇಳುತ್ತಾರೆ: ನಾವೇ ಬಾಯ್ಲರು, ನಮಗೆ ಮೊದಲು ಹಾಕಿ. ಲೋಕದಲ್ಲಿ ಪಾಲು ಕೇಳುವವರೆಲ್ಲ ತಾವೇ ಒಲೆಯೆಂದು ಹೇಳಿಕೊಂಡರೆ, ನಿಜವಾದ ಒಲೆಯನ್ನು ಗುರುತಿಸುವುದು ಹೇಗೆ?

ಇದಕ್ಕೂ ಮಗನ ಪರದೆಯ ಮುಂದೆಯೇ ನನಗೆ ಅರ್ಧ ಉತ್ತರ ಸಿಕ್ಕಿತು. ಬಾಯ್ಲರಿಗೆ ಉಣಿಸುವ ಆ ಹಳೇ ಕೈ ತನಗೆ ಮೊದಲು ತೆಗೆದುಕೊಳ್ಳುತ್ತದೆ, ನಿಜ. ಆದರೆ ಎಷ್ಟು? ಮುಂದಕ್ಕೆ ಎತ್ತಿಹಾಕಲು ಎಷ್ಟು ಬೇಕೋ ಅಷ್ಟು. ಪಕ್ಕದಲ್ಲಿ ಉಗ್ರಾಣ ಕಟ್ಟಿಕೊಳ್ಳುವುದಿಲ್ಲ. ಅಂದರೆ, ಮೊದಲು ಪಡೆಯುವ ಹಕ್ಕು ಬೇರೆ, ಹೆಚ್ಚು ಪಡೆಯುವ ಹಕ್ಕು ಬೇರೆ. ತಾತನ ಪಂಕ್ತಿಯಲ್ಲಿ ಈ ಎರಡನ್ನೂ ಒಂದೇ ಎಲೆಗೆ ಬಡಿಸುತ್ತಿದ್ದರು. ಇನ್ನೊಂದು ಪರೀಕ್ಷೆಯೂ ಇದೆ. ಒಬ್ಬರು ನಾಲ್ಕು ದಿನ ಮಲಗಿದರೆ ಯಾರ ಮನೆಯ ಒಲೆ ಆರುತ್ತದೆ? ತಾತ ಮಲಗಿದಾಗ ಮನೆ ನಡೆದಿತ್ತು. ಅಜ್ಜಿ ಮಲಗಿದಾಗ ಹಟ್ಟಿಯ ಹಸುವಿನಿಂದ ಹಿಡಿದು ಎಲ್ಲವೂ ಅರಚಿದವು. ಆದರೂ ಅಜ್ಜಿಯ ಪಾಲು ಕೊನೆಯದೇ ಆಗಿತ್ತು. ಆ ಮನೆಯಲ್ಲಿ ಒಲೆ ಯಾವುದು ಎಂಬುದರಲ್ಲೇ ತಪ್ಪಿತ್ತು, ಒಲೆಗೆ ಮೊದಲು ಎಂಬ ಮಾತಿನಲ್ಲಲ್ಲ.

ಹಾಗೆಂದು ಅಮ್ಮಂದಿರ ಹಸಿವನ್ನೆಲ್ಲ ಮೂರ್ಖತನ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ನನ್ನ ಚಿಕ್ಕಂದಿನಲ್ಲಿ ಮಳೆ ಕೈಕೊಟ್ಟ ಒಂದು ವರ್ಷ, ನಮಗೆಲ್ಲ ಮುದ್ದೆ ಇಟ್ಟು ಅಮ್ಮ ಅಂಬಲಿ ಕುಡಿದು ಮಲಗುತ್ತಿದ್ದಳು. ಅವತ್ತು ಮನೆಯಲ್ಲಿ ರಾಗಿಯೇ ಇರಲಿಲ್ಲ. ಅವಳ ಲೆಕ್ಕ ತಪ್ಪಿರಲಿಲ್ಲ, ಲೋಕದ ಲೆಕ್ಕ ತಪ್ಪಿತ್ತು. ಆದರೆ ಕಣಜ ತುಂಬಿದ ಮೇಲೂ ಅಮ್ಮ ಕೊನೆಯಲ್ಲೇ ಉಂಡಳು. 2017ರಲ್ಲಿ ನನ್ನ ಡಬ್ಬಿಗಳು ತುಂಬಿದ್ದವು, ನಾನು ತಿನ್ನಲಿಲ್ಲ. ಬರಗಾಲದ ಧರ್ಮವನ್ನು ಸುಗ್ಗಿಯಲ್ಲೂ ಪಾಲಿಸಿದರೆ ಅದು ಧರ್ಮವಲ್ಲ, ಅಭ್ಯಾಸ.

ಇನ್ನು ದಕ್ಷತೆಯ ಮಾತು. ಕಾರ್ಖಾನೆಯ ಯಂತ್ರಗಳಿಗೆ ಸಣ್ಣ ಬಿಲ್ಲೆಗಳನ್ನು ಜೋಡಿಸಬಹುದಂತೆ. ಒಂದು ಬಗೆಯ ಬಿಲ್ಲೆ ಹಾಕಿದರೆ ಕೆಲಸ ನೂರಕ್ಕೆ ಇಪ್ಪತ್ತು ಬೇಗ, ಆದರೆ ಕರೆಂಟಿನ ಖರ್ಚು ನೂರಕ್ಕೆ ಐವತ್ತು ಹೆಚ್ಚು. ಅವಸರಕ್ಕೆ ತೆರುವ ದಂಡ. ಇನ್ನೊಂದು ಬಗೆಯದು ಮಿತವ್ಯಯದ ಬಿಲ್ಲೆ. ಒಂದು ಹಾಕಿದರೆ ಖರ್ಚು ನೂರಕ್ಕೆ ಮೂವತ್ತು ಇಳಿಯುತ್ತದೆ. ಅಗೆಯುವ ವಿದ್ಯುತ್ ಯಂತ್ರಕ್ಕೆ ಅಂಥವು ಮೂರು ಹಾಕಿದರೆ 90 ಕಿಲೋವ್ಯಾಟ್ ಇದ್ದದ್ದು 18ಕ್ಕೆ ಬರುತ್ತದೆ. ಐದರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಸಲು ಆಟದ ನಿಯಮ ಬಿಡುವುದಿಲ್ಲ. ಹೊಗೆಯೂ ಅಷ್ಟೇ ಕಡಿಮೆ. ಹೊಗೆ ಕಡಿಮೆಯಾದರೆ ಆ ಗ್ರಹದ ಮೂಲ ಜೀವಿಗಳು ಕೆರಳಿ ದಾಳಿಗೆ ಬರುವುದೂ ಕಡಿಮೆ. ಎಷ್ಟು ಚೆನ್ನ! ‘ಹಾಗಾದರೆ ಎಲ್ಲದಕ್ಕೂ ಅದನ್ನೇ ಹಾಕೋ’ ಎಂದೆ. ಹಾಕಿದ. ಕರೆಂಟು ಉಳಿಯಿತು. ಉಳಿದ ಕರೆಂಟಿಗೆ ಮರುದಿನವೇ ಹೊಸದಾಗಿ ಒಂದು ಸಾಲು ಯಂತ್ರ ನಿಲ್ಲಿಸಿದ. ವಾರದಲ್ಲಿ ಮತ್ತೆ ದೀಪ ಮಂಕಾಯಿತು.

ಇದನ್ನು 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಗುರುತಿಸಿದ್ದ. ಜೇಮ್ಸ್ ವಾಟನ ಸುಧಾರಿಸಿದ ಉಗಿಯಂತ್ರ ಅದೇ ಕೆಲಸಕ್ಕೆ ಕಡಿಮೆ ಕಲ್ಲಿದ್ದಲು ಕೇಳುತ್ತಿತ್ತು. ಆದರೆ ದೇಶದ ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು. ಅಗ್ಗವಾದದ್ದರಿಂದ ಎಲ್ಲರೂ ಉಗಿಯಂತ್ರ ಹೂಡಿದರು. ಜೆವೊನ್ಸನವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ನಮ್ಮ ತವರಿಗೂ ಅದು ಬಂತು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಕೊಳವೆಯ ಮೂಲಕ ಹೊರಕ್ಕೆ. ಅಮ್ಮನ ಕಣ್ಣುರಿ ನಿಂತಿತು, ಸೌದೆ ಉಳಿಯಿತು. ಸೌದೆ ಉಳಿದದ್ದು ಗೊತ್ತಾದ ಕೂಡಲೇ ಅಪ್ಪನಿಂದ ಹಿಡಿದು ಎಲ್ಲರಿಗೂ ಎರಡು ಹೊತ್ತು ಬಿಸಿನೀರು ಬೇಕಾಯಿತು! ನಮ್ಮ ಮಿಕ್ಸಿ, ಗ್ರೈಂಡರುಗಳ ಕಥೆಯೂ ಅದೇ. ರುಬ್ಬುವ ಗಂಟೆ ಉಳಿಯಿತು, ಉಳಿದ ಗಂಟೆಯನ್ನು ನಾವು ಯಾರೂ ಕಾಲು ಚಾಚಿ ಕೂರಲು ಇಟ್ಟುಕೊಳ್ಳಲಿಲ್ಲ. ಮಿತವ್ಯಯ ದೊಡ್ಡ ಗುಣ. ಆದರೆ ಉಳಿದದ್ದು ಯಾರಿಗೆ ಎಂದು ಮೊದಲೇ ನಿಶ್ಚಯಿಸದಿದ್ದರೆ, ಉಳಿದದ್ದೆಲ್ಲ ಬಾಯಿ ದೊಡ್ಡದಿರುವವರಿಗೆ.

‘ಇದನ್ನ ಎಲ್ಲಿಗೆ ನಿಲ್ಲಿಸ್ತೀಯೋ?’ ಎಂದು ಮಗನನ್ನು ಕೇಳಿದೆ. ‘ಕಾರ್ಖಾನೆ ಬೆಳೆಯಲೇಬೇಕು ಅನ್ನೋದು ಈ ಆಟ ಆಡೋರ ಮಾತಮ್ಮ’ ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, ನಗದೆ ಹೇಳಿದ: ‘ಆಫೀಸಲ್ಲೂ ಹಾಗೇ. ನಾನು ಬೇಗ ಮುಗಿಸ್ತಿದ್ದೆ ಅಂತ ಇನ್ನೊಬ್ಬರ ಕೆಲಸಾನೂ ಕೊಟ್ಟರು. ಅದನ್ನೂ ಮುಗಿಸ್ದೆ. ರಾತ್ರಿ ಎರಡು ಗಂಟೆಗೆ ಫೋನ್. ಕೊನೇಲಿ ನಿದ್ದೆ ಮಾತ್ರೆ ಹಾಕ್ಕೊಂಡ್ರೂ ನಿದ್ದೆ ಬರ್ತಿರಲಿಲ್ಲ.’

ಐದು ತಿಂಗಳಲ್ಲಿ ಅವನು ಆಡಿದ ಮೊದಲ ಉದ್ದದ ಮಾತು ಅದು. ನಾನು ಏನೂ ಹೇಳಲಿಲ್ಲ. ಮನೆಗೆ ಬಂದು ಸುಮ್ಮನೆ ಕೂತಿದ್ದಾನೆ ಎಂದು ಹಲುಬುತ್ತಿದ್ದೆನಲ್ಲ. ಆರಿದ ಬಾಯ್ಲರೊಂದು ನಮ್ಮ ಹಿಂದಿನ ಕೋಣೆಯಲ್ಲಿತ್ತು, ನಾನು ಪರದೆಯ ಮೇಲಿನದನ್ನು ಮಾತ್ರ ನೋಡುತ್ತಿದ್ದೆ.

‘ಸ್ವಲ್ಪ ದಿನ ಇರು. ಚೇತರಿಸಿಕೊಂಡರೆ ತಾನೆ ಮತ್ತೆ ಚೆನ್ನಾಗಿ ಕೆಲಸ ಮಾಡೋಕಾಗೋದು’ ಎಂದೆ ಕೊನೆಗೆ. ಒಳ್ಳೆಯ ಮಾತೆಂದೇ ಆಡಿದೆ. ಅವನ ಮುಖ ಸಣ್ಣದಾಯಿತು. ಯಾಕೆಂದು ನನಗೆ ಹೊಳೆದದ್ದು ಆಮೇಲೆ, ಪಾತ್ರೆ ತೊಳೆಯುವಾಗ. ನಾನು ಅವನಿಗೆ ವಿಶ್ರಾಂತಿ ಕೊಟ್ಟದ್ದೂ ಕಾರ್ಖಾನೆಯ ಹೆಸರಿನಲ್ಲೇ. ಚೆನ್ನಾಗಿ ಓಡಲಿ ಎಂದು ಎಣ್ಣೆ ಬಿಟ್ಟ ಹಾಗೆ.

ಇಲ್ಲಿ ಆಟದ ಪಾಠ ಮುಗಿಯುತ್ತದೆ, ಅದರಾಚೆ ಹೋಗಲಾರದು. ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು ಕರೆಂಟಿಗಾಗಿ. ಕರೆಂಟು ಬೇಡವೆಂದರೆ ಬಾಯ್ಲರಿಗೂ ಏನೂ ಬೇಡ. ಮನುಷ್ಯರು ಹಾಗಲ್ಲ. ‘ತಾಯಿ ಗಟ್ಟಿಯಾಗಿದ್ದರೆ ತಾನೆ ಮನೆ’ ಎಂದು ನಮಗೆ ಹಾಲು ಕುಡಿಸುವವರು ಒಳ್ಳೆಯವರೇ. ಆದರೆ ಮನೆ ನಡೆಸದ ದಿನ ನಮಗೆ ಹಾಲು ಬೇಡವೇ? ನಮ್ಮ ಅತ್ತೆ ಎರಡು ವರ್ಷ ಮಲಗಿದ್ದರು. ಒಂದು ಕೆಲಸವನ್ನೂ ಮಾಡಲಿಲ್ಲ. ಆ ಎರಡು ವರ್ಷವೂ ಅವರಿಗೆ ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸಿದ್ದು ನಾನೇ. ಯಾವ ಉತ್ಪತ್ತಿಯ ಲೆಕ್ಕದಲ್ಲಿ ಕುಡಿಸಿದೆ? ಅವರಿಗೆ ಹಸಿವಾಗುತ್ತಿತ್ತು, ಕುಡಿಸಿದೆ, ಅಷ್ಟೆ. ಅವರಿಗೆ ಕೊಟ್ಟ ಆ ನ್ಯಾಯವನ್ನು ನನಗೆ ಕೊಟ್ಟುಕೊಳ್ಳಲಿಲ್ಲ, ಆ ಹುಡುಗಿಗೂ ಕೊಡಲಿಲ್ಲ.

ಒಲೆಗೆ ಮೊದಲ ಪಾಲು ಎಂಬುದು ವ್ಯವಸ್ಥೆಯ ಮಾತು. ಅದನ್ನು ಮರೆತರೆ ಎಲ್ಲರಿಗೂ ಕತ್ತಲು. ಹಸಿದವರಿಗೆ ಊಟ ಎಂಬುದು ಅದಕ್ಕಿಂತ ಹಳೆಯ ಮಾತು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಮೊದಲನೆಯದನ್ನು ಕಲಿಯಲು ನನಗೆ ಐವತ್ತು ದಾಟಬೇಕಾಯಿತು. ಎರಡನೆಯದನ್ನು ಇನ್ನೂ ಕಲಿಯುತ್ತಿದ್ದೇನೆ.

ಬೀದಿಯವರು ಕೇಳಿದರೆ ಈಗ ‘ಕೆಲಸ ಬಿಟ್ಟಿದ್ದಾನೆ, ಮನೆಯಲ್ಲಿದ್ದಾನೆ’ ಎನ್ನುತ್ತೇನೆ. ಕಾರ್ಖಾನೆ ಇನ್ನೂ ಓಡುತ್ತಿದೆ, ರಾಕೆಟ್ ಇನ್ನೂ ಹಾರಿಲ್ಲ. ಮೊನ್ನೆ ಬೆಳಿಗ್ಗೆ ಎಲ್ಲರಿಗೂ ದೋಸೆ ಹುಯ್ಯುತ್ತಾ ನಿಂತಿದ್ದೆ. ತಟ್ಟೆ ಹಿಡಿದುಕೊಂಡು ಬಂದ ಮಗ ಬಾಗಿಲಲ್ಲೇ ನಿಂತು ಕೇಳಿದ, ‘ಅಮ್ಮ, ನಿಂದಾಯ್ತಾ?’

ಬಾಯಿಗೆ ಬಂದದ್ದು ಹಳೇ ಉತ್ತರವೇ. ನುಂಗಿಕೊಂಡೆ.

‘ಇಲ್ಲ ಕಣೋ’ ಎಂದೆ. ‘ಹಸಿವಾಗ್ತಿದೆ.’

ಅವನು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ನನ್ನ ಕೈಯಿಂದ ಮೊಗಚುವ ಕೈ ತೆಗೆದುಕೊಂಡ. ಅವನು ಹುಯ್ದ ದೋಸೆ ನಮ್ಮ ರಾಜ್ಯದ ನಕ್ಷೆಯ ಹಾಗಿತ್ತು, ಒಂದು ಕಡೆ ಸೀದಿತ್ತು. ನಿಂತುಕೊಂಡಲ್ಲ, ಕೂತುಕೊಂಡು, ಬಿಸಿಯಾಗಿರುವಾಗಲೇ ತಿಂದೆ.